ಬೆಂಕಿಪೆಟ್ಟಿಗೆಯ ಬೋಳು ಬದಿ

ಇವತ್ತು ಬೆಳಿಗ್ಗೆ ಹೋಟೆಲಿನ ಒಲೆ ಹಚ್ಚುವಾಗ ಲೈಟರ್ ಕೈಕೊಟ್ಟಿತು. ಹೆಂಡತಿ ದೇವರ ಪಟದ ಹತ್ತಿರ ಇದ್ದ ಬೆಂಕಿಪೆಟ್ಟಿಗೆ ತಂದು ಕಡ್ಡಿ ಗೀರಿದಳು, ಹತ್ತಲಿಲ್ಲ. ತಿರುಗಿಸಿ ನೋಡಿದರೆ ಪೆಟ್ಟಿಗೆಯ ಒಂದು ಬದಿ ಬೋಳು. ಮದ್ದು ಬಳಿದ ಪಟ್ಟಿಯನ್ನು ಯಾರೋ ಉದ್ದಕ್ಕೆ ಕಿತ್ತು ತೆಗೆದಿದ್ದರು. "ಇದ್ಯಾರ್ ಹರ್ದದ್ದ್?" ಎಂದು ಕೇಳಿದಳು. ನಾನು ಹಾಲಿನ ಪಾತ್ರೆಯ ಕಡೆ ಮುಖ ತಿರುಗಿಸಿದೆ.

ಹರಿದದ್ದು ನಾನೇ. ನಿನ್ನೆ ನಾವುಂದದಲ್ಲಿ ಬೊಜ್ಜದ, ಅಂದರೆ ಸತ್ತವರ ಕ್ರಿಯೆಯ ಊಟ ಮುಗಿಸಿ ತಲ್ಲೂರಿಗೆ ವಾಪಸು ಬಂದವನು ಗಲ್ಲೆಯ ಹಿಂದೆ ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಬರೆದದ್ದಲ್ಲ. ಕೈಗೆ ಏನು ಸಿಕ್ಕಿತೋ ಅದನ್ನು ಕಿತ್ತಿರಬೇಕು. ಪಟ್ಟಿ ಅಂಗಿಯ ಕಿಸೆಯಲ್ಲೇ ಇತ್ತು. ತೆಗೆದು ಮೂಗಿಗೆ ಹಿಡಿದೆ. ಮೊದಲು ಮದ್ದಿನ ವಾಸನೆ, ಅದರ ಹಿಂದೆಯೇ ಪೆಟ್ರೋಲು, ಕರಗಿದ ಐಸಿನ ನೀರು, ಬಂಗಡೆ, ಒದ್ದೆ ಸೀರೆ... ಅಕ್ಕನ ಜೀಪು ಪೂರ್ತಿಯಾಗಿ ಬಂದು ಒಲೆಯ ಮುಂದೆ ನಿಂತಿತು.

ಒಡಹುಟ್ಟಿದ ಅಕ್ಕ ಅಲ್ಲ. ನಾವುಂದದಲ್ಲಿ ನಮ್ಮ ಬೇಲಿಯ ಆಚೆಗಿನ ಮನೆಯವಳು, ಮೀನು ಮಾರುವವಳು. ಬುಟ್ಟಿ ಹೊತ್ತು ಬಸ್ಸಿಗೆ ಕಾದು ಕಾದು ಸಾಕಾಗಿ, ಯಾರೋ ಗುಜರಿಗೆ ಹಾಕಲಿದ್ದ ಹಳೆಯ ಪೆಟ್ರೋಲ್ ಜೀಪೊಂದನ್ನು ತಾನೇ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ಹಿಂದಿನ ಸೀಟು ಕಳಚಿ ಬುಟ್ಟಿಗಳಿಗೆ ಜಾಗ ಮಾಡಿದ್ದಳು. ಅವಳ ಜೊತೆಗೆ ಇನ್ನೂ ನಾಲ್ಕೈದು ಮೀನಿನ ಹೆಂಗಸರು. ಅವರು ತಲ್ಲೂರಿನಲ್ಲಿ ಇಳಿದರೆ ಅಕ್ಕ ಮುಂದೆ ಗುಲ್ವಾಡಿಯ ಕಡೆಗೆ, ಮನೆ ಮನೆಗೆ. ಆ ಜೀಪಿಗೆ ನಾನು ಡ್ರೈವರ್. ಆಗ ನನಗೆ ಇಪ್ಪತ್ತು ದಾಟಿತ್ತು. ಮುಂಬಯಿಯಲ್ಲಿ ಹೋಟೆಲಿಟ್ಟಿದ್ದ ಸೋದರಮಾವ ಇವತ್ತು ಕರೆಯುತ್ತಾನೆ, ನಾಳೆ ಕರೆಯುತ್ತಾನೆ ಎಂದು ಒಂದು ಕಾಲು ಮನೆಯ ಹೊರಗೇ ಇಟ್ಟುಕೊಂಡು ಓಡಾಡುತ್ತಿದ್ದೆ.

ನಾನಾದರೂ ಪರವಾಗಿಲ್ಲ, ಅಕ್ಕ ನನ್ನನ್ನೂ ಮೀರಿಸಿದವಳು. ಸೀಟಿನಲ್ಲಿ ಎಂದೂ ಒರಗಿ ಕೂತವಳಲ್ಲ. ತುದಿಯಲ್ಲಿ ಕೂತು, ಎದುರಿನ ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಡಿಯನ್ನು ತಾನೇ ಮುಂದಕ್ಕೆ ಎಳೆಯುವವಳ ಹಾಗೆ ಬಗ್ಗಿರುತ್ತಿದ್ದಳು. ಊಟಕ್ಕೂ ಹಾಗೆಯೇ, ಮದುವೆ ಮನೆಯಲ್ಲೂ ಹಾಗೆಯೇ. "ಒಂಚೂರ್ ಸಮಾ ಕೂಕೊ ಅಕ್ಕ" ಎಂದರೆ, "ಮೀನ್ ಕಾಯ್ತಾ?" ಎಂದು ನನಗೇ ತಿರುಗಿ ಕೇಳುವಳು. ಮೀನು ಕಾಯುವುದಿಲ್ಲ ನಿಜ. ಗುಲ್ವಾಡಿಯ ಮನೆಗಳಲ್ಲಿ ಮಸಾಲೆ ಅರೆಯುವ ಹೊತ್ತಿಗೆ ಮೀನು ಅಂಗಳದಲ್ಲಿರಬೇಕು. ತಡವಾದರೆ ಅವರು ಸೊಪ್ಪಿನ ಸಾರು ಕುದಿಸಿಯಾಗುತ್ತದೆ, ಆಮೇಲೆ ಬಂಗಡೆ ಚಿನ್ನದ್ದಾದರೂ ಬೇಡ.

ಜೀಪಿಗೆ ಮಾತ್ರ ಈ ಅವಸರ ಗೊತ್ತಿರಲಿಲ್ಲ. ಈಗಿನವರಿಗೆ ಹೇಳಿದರೆ ನಗು ಬರಬಹುದು, ಆ ಕಾಲದ ಪೆಟ್ರೋಲ್ ಗಾಡಿಗೆ ಪಾಯಿಂಟ್ ಅಂತ ಒಂದಿತ್ತು. ಎರಡು ಸಣ್ಣ ಲೋಹದ ಗುಂಡಿಗಳು. ಒಂದಕ್ಕೊಂದು ತಾಗಿ ಬಿಟ್ಟು, ತಾಗಿ ಬಿಟ್ಟು ಪ್ಲಗ್ಗಿಗೆ ಕಿಡಿ ಕಳಿಸಬೇಕು. ಅವಕ್ಕೆ ಕರಿ ಹಿಡಿದರೆ, ತೇವ ಕೂತರೆ ಕಿಡಿ ಇಲ್ಲ. ಮಳೆಗಾಲದಲ್ಲಿ ನಾವು ಮರವಂತೆ ಮುಟ್ಟುವುದೇ ತಡ, ಕಡಲಿನ ತುಂತುರು ರಸ್ತೆಯ ಮೇಲೆ ಹಾರಿ ಬರುತ್ತಿತ್ತು, ಜೀಪು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ದೂರದ ಊರಿನವರು ಆಚೆ ಕಡಲು ಈಚೆ ಹೊಳೆ ಎಂದು ಫೋಟೋ ತೆಗೆಯಲು ಕಾರು ನಿಲ್ಲಿಸುವ ಜಾಗದಲ್ಲೇ ನಾವು ಸೀರೆ ಎತ್ತಿ ಕಟ್ಟಿದ ಹೆಂಗಸರ ಸಮೇತ ಗಾಡಿ ದೂಡುತ್ತಿದ್ದೆವು. ಅವರ ಎಷ್ಟು ಫೋಟೋಗಳಲ್ಲಿ ನಮ್ಮ ಬೆನ್ನು ಇದೆಯೋ ದೇವರಿಗೇ ಗೊತ್ತು.

"ಹ್ವಾಯ್ ಹೈದಾ, ಎಂತ ಕಾಂತೆ? ಮುಚ್ಚಳ ತೆಗಿ" ಎಂದು ಅಕ್ಕ ಸೊಂಟದ ಚೀಲದಿಂದ ಬೆಂಕಿಪೆಟ್ಟಿಗೆ ತೆಗೆಯುವಳು. ಬದಿಯ ಪಟ್ಟಿ ಕಿತ್ತು, ಮಡಚಿ, ಎರಡು ಗುಂಡಿಗಳ ನಡುವೆ ತೂರಿಸಿ ಉಜ್ಜುವುದು ಅವಳದೇ ಕೆಲಸ. ನನ್ನ ಬೆರಳು ದಪ್ಪ ಎಂದು ನನಗೆ ಬಿಡುತ್ತಿರಲಿಲ್ಲ. ಉಜ್ಜಿದ ಮೇಲೆ ಕಪ್ಪಾದ ಪಟ್ಟಿಯನ್ನು ನನ್ನ ಮೂಗಿನೆದುರು ಹಿಡಿದು, "ಕಾಣ್, ಎಷ್ಟ್ ಕರಿ" ಎಂದು ತೋರಿಸಿ ಹೊಳೆಯ ಕಡೆ ಎಸೆಯುವಳು. ಅಷ್ಟರಲ್ಲಿ ಮೀನಿನ ಟೆಂಪೋ ಒಂದು ಹಾರನ್ ಬಾರಿಸಿಕೊಂಡು ನಮ್ಮನ್ನು ದಾಟಿ ಹೋಗುತ್ತಿತ್ತು. "ಹೋಯ್ತ್ ಕಾಣ್ ನಮ್ಮ್ ಗುಲ್ವಾಡಿ" ಎನ್ನುತ್ತಿದ್ದಳು ಅಕ್ಕ. ಜೊತೆಯ ಹೆಂಗಸರೂ ಆ ಟೆಂಪೋವನ್ನು ಆಸೆಯಿಂದ ನೋಡುತ್ತಿದ್ದದ್ದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ.

ಒಂದು ದಿನ ಹೀಗೆ ದೂಡಿ ಬಂದ ಮೇಲೆ ಅಕ್ಕ ಮುಖ ತೊಳೆಯದೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದಳು. ಅಲ್ಲಿ ಗಾಡಿ ಸಾಮಾನಿನ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಪೆಟ್ಟಿಗೆ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಸಂಜೆ ಬರುವಾಗ ಕಂಕುಳಲ್ಲಿ ಒಂದು ಅಲ್ಯುಮಿನಿಯಂ ಪೆಟ್ಟಿಗೆ, ಬಾಲದ ಹಾಗೆ ನಾಲ್ಕಾರು ವಯರುಗಳು. ಪಾಯಿಂಟ್ ಇದ್ದಲ್ಲೇ ಇರುತ್ತದೆ, ಕರೆಂಟಿನ ಭಾರ ಹೊರುವುದು ಮಾತ್ರ ಪೆಟ್ಟಿಗೆ. ಪಾಯಿಂಟಿಗೆ ಕರಿ ಹಿಡಿಯುವುದಿಲ್ಲ, ತೇವಕ್ಕೆ ಹೆದರಬೇಕಾಗಿಲ್ಲ. ಪೆಟ್ಟಿಗೆ ಹಾಳಾದರೆ ಈ ಕೆಂಪು ವಯರನ್ನು ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿ, ಮತ್ತೆ ಹಳೆಯ ಹಾಗೆಯೇ ಓಡುತ್ತದೆ. ಅಂಗಡಿಯವನು ಹೇಳಿದ್ದನ್ನೆಲ್ಲ ಅಕ್ಕ ಪಾಠದ ಹಾಗೆ ಒಪ್ಪಿಸಿದಳು.

ಆದರೆ ಕೂರಿಸುವವರು ಯಾರು? ನಮ್ಮ ಕಡೆಯ ಮೆಕ್ಯಾನಿಕ್, "ಆಸಾಡಿ ಕಳೀಲಿ ಅಕ್ಕ, ಹೊಸ್ತ್ ಎಂತ ಇದ್ರೂ ಮತ್ ಕಾಂಬ" ಎಂದು ಆಷಾಢದ ನೆಪ ಹೇಳಿ ರಾಗ ಎಳೆದ. "ಮೀನಿಗ್ ಆಸಾಡಿ ಗೊತ್ತಿತ್ತಾ?" ಎಂದು ಅಕ್ಕ ಅವನ ಅಂಗಡಿಯಲ್ಲೇ ರೇಗಿ, ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದು ಜಗಲಿಯ ಮೇಲೆ ಕುಕ್ಕಿದಳು. ಜಗಲಿಯಲ್ಲಿ ಭಾವ ಕೂತಿದ್ದರು.

ಭಾವ ಎಂದರೆ ಅಕ್ಕನ ಗಂಡ. ದೋಣಿಯ ಇಂಜಿನ್ ಕೆಲಸದಲ್ಲಿ ಊರಿಗೇ ಬೇಕಾಗಿದ್ದವರು. ಹಿಂದಿನ ವರ್ಷ ದೋಣಿ ದಡಕ್ಕೆ ಎಳೆಯುವಾಗ ಜಾರಿ, ದೋಣಿಯ ಅಡಿಗೆ ಕಾಲು ಸಿಕ್ಕಿ ಸೊಂಟದವರೆಗೆ ಜಜ್ಜಿ ಹೋಗಿತ್ತು. ಕೋಲು ಹಿಡಿದು ನಡೆಯುವಷ್ಟಾಗಿದ್ದರು. ಆದರೆ ಅಂದಿನಿಂದ ಒಂದು ಸ್ಪ್ಯಾನರ್ ಮುಟ್ಟಿರಲಿಲ್ಲ. ಯಾರಾದರೂ ಇಂಜಿನ್ ತಂದರೆ, ನನ್ನಿಂದ ಆಗದು, ಬೇರೆ ಕಡೆ ಕೊಂಡುಹೋಗಿ ಎಂದು ಕಳಿಸಿಬಿಡುವರು. ಇಡೀ ದಿನ ಬೀಡಿ, ಎದುರಿಗೆ ಬೇಲಿ. ಅಕ್ಕ ಒಂದು ಕಡೆ ನಿಲ್ಲಲಾರದೆ ಓಡುತ್ತಿದ್ದದ್ದು ಮೀನಿಗಾಗಿ ಮಾತ್ರ ಅಲ್ಲ, ಆ ಜಗಲಿಯನ್ನು ನೋಡಲಾರದೆಯೂ ಹೌದು ಎಂದು ನನಗೆ ಈಗ ಅನ್ನಿಸುತ್ತದೆ.

ಭಾವ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ತಾ, ನಾನ್ ಕಾಂತೆ" ಎಂದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಅವಳು ನಿಂತದ್ದೇ ದೊಡ್ಡ ಸುದ್ದಿ.

ನಮ್ಮ ಮನೆಗಳಿಗೆ ಹೋಗುವ ದಾರಿ ಮರಳಿನದು, ಜೀಪು ಮೇಲೆ ಹೆದ್ದಾರಿಯ ಬದಿಯಲ್ಲೇ ನಿಲ್ಲುತ್ತಿತ್ತು. ಮರುದಿನ ಮಧ್ಯಾಹ್ನ ಭಾವನನ್ನು ಹೆಗಲು ಕೊಟ್ಟು ಅಲ್ಲಿಯವರೆಗೆ ಕರೆದೊಯ್ದೆ. ಸ್ಟೂಲಿನ ಮೇಲೆ ಕೂತು, ಬಾನೆಟ್ಟಿನೊಳಗೆ ಅರ್ಧ ದೇಹ ತೂರಿಸಿ ಕೂರಿಸಿದರು. ಕೀಲಿ ತಿರುಗಿಸಿದರೆ ಜೀಪು ಒಂದೇ ಏಟಿಗೆ ಎದ್ದಿತು. ಅಂಥ ಸದ್ದನ್ನು ಆ ಗಾಡಿಯಲ್ಲಿ ನಾನು ಕೇಳಿಯೇ ಇರಲಿಲ್ಲ, ಒಂದು ಕೆಮ್ಮಿಲ್ಲ. ಅಕ್ಕ ಓಡಿಹೋಗಿ ತೆಂಗಿನಕಾಯಿ ತಂದು ಚಕ್ರದ ಮುಂದೆ ಒಡೆದಳು. ಆಸಾಡಿ ಎಂದು ನೆನಪಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಅಕ್ಕ ಮನೆಗೆ ಹೋದ ಮೇಲೆ ಭಾವ ಮತ್ತೆ ಬಾನೆಟ್ ಎತ್ತಿಸಿದರು. ಉಪ್ಪುಗಾಳಿ ತಿಂದುಹಾಕುತ್ತದೆ, ಭದ್ರ ಮಾಡಬೇಕು ಎಂದರು. ಪೆಟ್ಟಿಗೆ ಬಿಚ್ಚಿ, ಅಡಿಗೆ ಹಳೆ ಟ್ಯೂಬಿನ ರಬ್ಬರ್ ಕೊಟ್ಟು, ತಿರುಪುಗಳಿಗೂ ರಬ್ಬರಿನ ಬಳೆ ಹಾಕಿ ಬಿಗಿದು, ಮೇಲಿಂದ ದೋಣಿಗೆ ಹಚ್ಚುವ ಪೇಂಟು ದಪ್ಪಕ್ಕೆ ಬಳಿದರು. ಪೇಂಟಿನ ಡಬ್ಬಿ ಹಿಡಿದುಕೊಂಡವನು ನಾನೇ. ಎಷ್ಟು ಚೆಂದ ಕಂಡಿತ್ತೆಂದರೆ, ಇನ್ನು ಇದನ್ನು ಕಡಲಿಗೆ ಇಳಿಸಿದರೂ ಓಡುತ್ತದೆ ಎಂದುಕೊಂಡೆ.

ಬೆಳಗಾಯಿತು. ಬುಟ್ಟಿ ತುಂಬಿತು, ಹೆಂಗಸರು ಹತ್ತಿದರು. ಕೀಲಿ ತಿರುಗಿಸಿದೆ, ಇಂಜಿನ್ ಸುಮ್ಮನೆ ತಿರುಗುತ್ತದೆ, ಹಿಡಿಯುವುದೇ ಇಲ್ಲ. ಮತ್ತೆ ತಿರುಗಿಸಿದೆ, ಕಿಡಿಯ ಸುಳಿವೇ ಇಲ್ಲ. ಅಕ್ಕ ಇಳಿದು ನನ್ನ ಬಾಗಿಲ ಹತ್ತಿರ ಬಂದಳು. ತೆಂಗಿನ ತೋಟದ ಆಚೆ ಮನೆಯ ಕಡೆ ಒಮ್ಮೆ ನೋಡಿದಳು. ಕಡಲಿನ ಅಬ್ಬರದಲ್ಲಿ ಅಲ್ಲಿಗೆ ಏನೂ ಕೇಳಿಸುವಂತಿರಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ, "ಆ ಕೆಂಪ್ ವಯರ್ ಮೊದ್ಲಿನ್ ಬದಿಗ್ ಹಾಕ್. ಅವ್ರಿಗ್ ಗೊತ್ತಾಪುಕಾಗ" ಎಂದಳು, ಭಾವನಿಗೆ ತಿಳಿಯಬಾರದೆಂದು. ವಯರ್ ಬದಲಿಸಿದೆ. ಜೀಪು ಹಳೆಯ ಕೆಮ್ಮಿನೊಂದಿಗೆ ಎದ್ದಿತು. ಹಿಂದೆ ಕೂತ ಹೆಂಗಸರಿಗೆ ಪೆಟ್ರೋಲು ಹೆಚ್ಚಾಗಿತ್ತು ಎಂದು ಏನೋ ಹೇಳಿ ಸಮಾಧಾನ ಮಾಡಿದಳು.

ಮಧ್ಯಾಹ್ನ ವಾಪಸು ಬಂದಾಗ ಭಾವ ಜಗಲಿಯ ಮೆಟ್ಟಿಲಿಗೇ ಇಳಿದು ಕೂತಿದ್ದರು. "ಹ್ಯಾಂಗ್ ಹೋಯ್ತ್ ಗಾಡಿ?" ಎಂದರು. ಅಕ್ಕ ಖಾಲಿ ಬುಟ್ಟಿ ಇಳಿಸುತ್ತ, "ಎಲ್ಲೂ ನಿಂತಿಲ್ಲ ಕಾಣಿ" ಎಂದಳು. ಬರುವ ದಾರಿಯಲ್ಲಿ, ಮರವಂತೆಯ ಮಳೆಯಲ್ಲಿ ನಿಂತು ಪಾಯಿಂಟ್ ಉಜ್ಜಿದ ಅವಳ ಸೀರೆಯಿಂದ ಇನ್ನೂ ನೀರು ಸೋರುತ್ತಿತ್ತು. ಭಾವ ನಕ್ಕರು. ನಾನು ಅವರ ಹಲ್ಲು ನೋಡದೆ ಒಂದು ವರ್ಷವಾಗಿತ್ತು.

ಅಲ್ಲಿಂದ ಶುರುವಾಯಿತು. ಜೀಪಿಗೆ ಇವರೇ ಎಲೆಕ್ಟ್ರಾನಿಕ್ ಕೂರಿಸಿದ್ದು, ಈಗ ಒಂದು ಕಡೆಯೂ ನಿಲ್ಲುವುದಿಲ್ಲ ಎಂದು ಅಕ್ಕನೇ ಊರೆಲ್ಲ ಸಾರಿದಳು. ವಾರ ಕಳೆಯುವುದರೊಳಗೆ ಯಾರೋ ದೋಣಿಯ ಔಟ್‌ಬೋರ್ಡ್ ಇಂಜಿನ್ ಹೊತ್ತು ತಂದು ಜಗಲಿಯ ಎದುರು ಇಳಿಸಿದರು. ಈ ಸಲ ಭಾವ ಬೇರೆ ಕಡೆ ಹೋಗಿ ಎನ್ನಲಿಲ್ಲ. ಸ್ಪ್ಯಾನರಿನ ಡಬ್ಬಿ ಅಟ್ಟದಿಂದ ಇಳಿಯಿತು. ಇನ್ನು ಅಕ್ಕ ಬಾಯಿ ಬಿಡುವ ಹಾಗೆಯೇ ಇರಲಿಲ್ಲ. ಮೆಕ್ಯಾನಿಕ್ಕಿಗೆ ತೋರಿಸಿದರೆ ಅವನು ನಾಲ್ಕು ಜನರ ಮುಂದೆ ನಗುತ್ತಾನೆ, ಆ ನಗು ಜಗಲಿಗೆ ಮುಟ್ಟುತ್ತದೆ, ಡಬ್ಬಿ ಮತ್ತೆ ಅಟ್ಟ ಹತ್ತುತ್ತದೆ. ಇಷ್ಟೇ ಅವಳ ಹೆದರಿಕೆ. ಪೆಟ್ಟಿಗೆಯೇ ಹಾಳು ಎಂದು ಅವಳೂ ನಾನೂ ನಂಬಿದ್ದೆವು. ಬಾನೆಟ್ ಎತ್ತಿದಾಗೆಲ್ಲ ಆ ಪೆಟ್ಟಿಗೆಯ ಕಡೆ ಸವತಿಯನ್ನು ನೋಡುವ ಹಾಗೆ ನೋಡಿ, ಬೆಂಕಿಪೆಟ್ಟಿಗೆ ತೆಗೆಯುತ್ತಿದ್ದಳು.

ಜೊತೆಯ ಹೆಂಗಸರಿಗೆ ಗುಟ್ಟು ತಿಳಿಯಬಾರದಲ್ಲ, ಅದಕ್ಕೆ ಹೊಸ ಉಪಾಯ. ಗಾಡಿ ನಿಲ್ಲುವ ಮೊದಲೇ, ಮರವಂತೆಗೆ ಮುಂಚೆ ಒಂದು ಚಾ ಅಂಗಡಿಯ ಹತ್ತಿರ ನಿಲ್ಲಿಸಲು ಹೇಳುವಳು. ಅವರೆಲ್ಲ ಚಾ ಕುಡಿಯುವಷ್ಟರಲ್ಲಿ ಇವಳು ಬಾನೆಟ್ಟಿನೊಳಗೆ ಕೈ ಹಾಕಿ ಉಜ್ಜಿ ಮುಗಿಸುವಳು. ರೇಡಿಯೇಟರಿನ ನೀರು ನೋಡುವುದು ಎಂದು ನಾನು ಅವರಿಗೆ ಹೇಳಬೇಕು. ಒಂದು ನಿಮಿಷ ತಡೆಯಲಾರದ ಹೆಂಗಸು ದಿನಾ ಹೀಗೆ ತಾನಾಗಿ ಗಾಡಿ ನಿಲ್ಲಿಸುವುದನ್ನು ನೋಡಿ ನನಗೆ ಒಳಗೊಳಗೇ ಏನೋ ಆಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ನಂಟರ ಮನೆಯ ಸೀಮಂತಕ್ಕೆ ಬೈಂದೂರಿಗೆ ಹೋಗಿದ್ದಳು. ಭಾವ ಬೇಲಿಯಿಂದಲೇ ಕರೆದರು. ಹೋದರೆ ಅವರ ಎದುರು ಜಗಲಿಯ ಮೇಲೆ ಬೆಂಕಿಪೆಟ್ಟಿಗೆಗಳ ಸಾಲು. "ಕಾಣ್ ಇದ್ನ. ಬೀಡಿ ಹಚ್ವ ಅಂದ್ರೆ ಒಂದಕ್ಕೂ ಸಮಾ ಬದಿ ಇಲ್ಲ" ಎಂದರು. ಭಾವ ಬೇರೇನೂ ಕೇಳದೆ ಕೋಲು ಊರಿ ಎದ್ದರು. "ನಡಿ, ಜೀಪ್ ಕಾಂಬ."

ಬಾನೆಟ್ ಎತ್ತಿದೆ. ಕೆಂಪು ವಯರ್ ಹಳೆಯ ಜಾಗದಲ್ಲಿತ್ತು. ಭಾವ ಅದನ್ನು ಬೆರಳಿನಿಂದ ಮುಟ್ಟಿ, ಪೆಟ್ಟಿಗೆಯನ್ನು ನೋಡಿ, ಅಡಿಯ ರಬ್ಬರನ್ನು ಉಗುರಿನಿಂದ ಎಬ್ಬಿಸಿ ನೋಡಿದರು. ಕೋಲು ಎಸೆದು ಕೂರುತ್ತಾರೆ, ಅಳುತ್ತಾರೆ, ನನಗೆ ಬೈಯುತ್ತಾರೆ ಎಂದೆಲ್ಲ ನಾನು ಹೆದರಿದ್ದೆ. ಅವರು ಹಣೆಗೆ ಕೈ ಹೊಡೆದುಕೊಂಡು ನಗತೊಡಗಿದರು. "ದೋಣಿ ಅಂದ್ಕಂಡೆ ಮಾರಾಯಾ! ಮರಕ್ಕ್ ಮಾಡ್ದಂಗ್ ಕಬ್ಣಕ್ಕೂ ಮಾಡ್ದೆ."

ಆಗ ವಿವರಿಸಿದರು. ದೋಣಿಯ ಮೈ ಮರ, ಅದರಲ್ಲಿ ಕರೆಂಟು ಹರಿಯದು. ಅಲ್ಲಿ ದೀಪಕ್ಕಾಗಲಿ ಮತ್ತೊಂದಕ್ಕಾಗಲಿ ಹೋಗಲು ಒಂದು ವಯರ್, ಬರಲು ಒಂದು ವಯರ್. ಉಳಿದದ್ದನ್ನು ಎಷ್ಟು ಮುಚ್ಚಿ ಭದ್ರ ಮಾಡಿದರೆ ಅಷ್ಟು ಒಳ್ಳೆಯದು. ಜೀಪು ಹಾಗಲ್ಲ. ಹೋಗಲು ಮಾತ್ರ ವಯರ್, ವಾಪಸು ಬರುವುದು ಗಾಡಿಯ ಕಬ್ಬಿಣದ ಮೈಯಿಂದಲೇ. ಪೆಟ್ಟಿಗೆ ಆ ಮೈಗೆ ತಾಗಿರಬೇಕು, ಅದಕ್ಕೇ ಅರ್ತ್ ಅನ್ನುವುದು. ಮೊದಲ ದಿನ ತಾಗಿತ್ತು, ಓಡಿತ್ತು. ಆಮೇಲೆ ಇವರೇ ಕೈಯಾರೆ ರಬ್ಬರ್ ಕೊಟ್ಟು ಅದನ್ನು ಬೇರೆ ಮಾಡಿದ್ದರು. ಹುಟ್ಟಿದಾಗಿನಿಂದ ದೋಣಿ ಮಾತ್ರ ಕಂಡ ಕೈ, ಪಾಪ.

ಚಾಕುವಿನಿಂದ ಪೇಂಟು ಕೆರೆದು, ರಬ್ಬರ್ ಕಿತ್ತು, ಬರಿಯ ಕಬ್ಬಿಣಕ್ಕೆ ಪೆಟ್ಟಿಗೆ ಬಿಗಿದರು. ಕೆಂಪು ವಯರ್ ಹೊಸ ಜಾಗಕ್ಕೆ ಬಂತು. ಜೀಪು ಒಂದೇ ಏಟಿಗೆ ಎದ್ದಿತು. ನಾನು ಖುಷಿಯಿಂದ, ಅಕ್ಕ ಬಂದ ಕೂಡಲೇ ಹೇಳುವ ಎಂದೆ. ಭಾವ ನನ್ನ ಮುಂಗೈ ಹಿಡಿದರು. "ಅವ್ಳಿಗ್ ಹೇಳ್ಬೇಡ. ನಂಗೋಸ್ಕರ ಉಜ್ಜುದ್ ಅವ್ಳ್. ಉಜ್ಲಿ." ಹಾಗೆನ್ನುವಾಗ ಅವರು ನಗುತ್ತಿರಲಿಲ್ಲ.

ನನ್ನ ಪಾಡು ಕೇಳಬೇಡಿ. ಮರುದಿನದಿಂದ ಜೀಪು ಮಳೆ, ಗಾಳಿ, ಮರವಂತೆ ಯಾವುದಕ್ಕೂ ಜಗ್ಗಲಿಲ್ಲ. ಟೆಂಪೋ ನಮ್ಮ ಹಿಂದೆ ಬಿತ್ತು. ಗುಲ್ವಾಡಿಯಲ್ಲಿ ಅರೆಯುವ ಕಲ್ಲು ತೊಳೆಯುವ ಮೊದಲೇ ಬಂಗಡೆ ಅಂಗಳದಲ್ಲಿ. ಅಕ್ಕ ಮಾತ್ರ ದಿನಾ ಚಾ ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಬೆಂಕಿಪೆಟ್ಟಿಗೆಯ ಬದಿ ಕಿತ್ತು, ಉಜ್ಜಿ, ಪಟ್ಟಿಯನ್ನು ಮಡಚಿ ಸೊಂಟದ ಚೀಲಕ್ಕೆ ಸೇರಿಸಿ, "ಕಂಡ್ಯಾ? ನನ್ನ್ ಕೈ ತಾಗ್ರೆ ಗಾಡಿಗ್ ಜೀವ ಬತ್ತ್" ಎನ್ನುವಳು. ನಾನು ಹೌದು ಹೌದು ಎಂದು ಗೇರ್ ಹಾಕುತ್ತಿದ್ದೆ. ಮಾತು ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಮನೆಗೆ ಬಂದರೆ ಜಗಲಿಯಿಂದ ಭಾವ, ಉಜ್ಜಿದಳಾ ಎಂಬಂತೆ ಹುಬ್ಬು ಹಾರಿಸುವರು. ನಾನು ತಲೆ ಆಡಿಸಿದರೆ ಅವರ ಮುಖದಲ್ಲಿ ಒಂದು ಬೆಳಕು. ಗಂಡ ಹೆಂಡತಿಯ ನಡುವೆ ಹೀಗೆ ಎರಡು ಗುಟ್ಟು ಹೊತ್ತು ತಿರುಗುವುದು ನನ್ನಂಥ ಚಡಪಡಿಕೆಯವನಿಗೆ ಆಗುವ ಕೆಲಸವಲ್ಲ. ಮಾವನ ಕರೆ ಬಂದಾಗ ಮುಂಬಯಿಯ ಬಸ್ಸು ಹತ್ತಿದ್ದಕ್ಕೆ ಅದೂ ಒಂದು ಕಾರಣ ಎಂದರೆ ನೀವು ನಂಬಬೇಕು.

ಮುಂಬಯಿಯಲ್ಲಿ ಬಹಳ ವರ್ಷ ಕಳೆಯಿತು. ನಾನು ಅಲ್ಲಿರುವಾಗಲೇ ಭಾವ ಹೋದರು. ಕೊನೆಯವರೆಗೂ ಜಗಲಿಯ ಎದುರು ಯಾರದಾದರೂ ಇಂಜಿನ್ ಇರುತ್ತಿತ್ತಂತೆ. ನಾನು ಊರಿಗೆ ಬಂದು ತಲ್ಲೂರಿನಲ್ಲಿ ಈ ಸಣ್ಣ ಹೋಟೆಲ್ ಇಡುವ ಹೊತ್ತಿಗೆ ಜೀಪೂ ಇರಲಿಲ್ಲ. ಅಕ್ಕನ ಮಂಡಿ ಸೋತಿತ್ತು, ಆದರೂ ಮಂಚದ ತುದಿಯಲ್ಲೇ ಕೂರುತ್ತಿದ್ದಳು, ಈಗಲೇ ಎಲ್ಲಿಗೋ ಹೊರಡುವವಳ ಹಾಗೆ.

ಈ ಬೇಸಿಗೆಯಲ್ಲಿ ಹುಷಾರಿಲ್ಲ ಎಂದು ತಿಳಿದು ನೋಡಲು ಹೋದೆ. ಈ ಸಲ ಹೇಳಿಯೇ ಬಿಡಬೇಕು, ಭಾವನೂ ಇಲ್ಲ, ಇನ್ನೆಂಥ ಗುಟ್ಟು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಂಚದ ಹತ್ತಿರ ಕೂತು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಕೇಳಿದಳು. "ಹೈದಾ... ಆ ಪೆಟ್ಗಿ ಹಾಳ್ ಅಂತ ಅವ್ರಿಗ್ ಕಡೀಗೂ ಗೊತ್ತಾಯ್ಲ, ಅಲ್ದಾ?"

ನಾನು ಅವಳ ಮುಖ ನೋಡಿದೆ. "ಇಲ್ಲ ಅಕ್ಕ. ಗೊತ್ತೇ ಆಯ್ಲ" ಎಂದೆ.

ಅಕ್ಕ ನಿಧಾನವಾಗಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಅವಳು ಒರಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಹೋಗಲು ಆಗಲಿಲ್ಲ... ನಿನ್ನೆ ಹೋದದ್ದು ಅವಳ ಬೊಜ್ಜದ ಊಟಕ್ಕೆ.

ಇವತ್ತು ಒಲೆ ಹತ್ತಿದ ಮೇಲೆ, ಗಿರಾಕಿಗಳು ಬರುವ ಮೊದಲು, ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಹೇಳಿ ಹಗುರಾಗಬೇಕಿತ್ತು. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, "ಪೆಟ್ಗಿ ಸರಿ ಆದ್ಮೇಲೆ ಪಾಯಿಂಟಿಗ್ ಕರಿ ಹಿಡೀತಿತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರೆ ಉಜ್ಜಿದ್ ಪಟ್ಟಿ ಕಪ್ಪ್ ಆಪುದೇ ಇಲ್ಲ. ಅಕ್ಕಂಗ್ ಗೊತ್ತಿರ್ಲಿಲ್ಲ ಅಂತ ನಿಮ್ಗ್ ಹೇಳದ್ದ್ ಯಾರ್?"

ಮೊದಲೆಲ್ಲ ಕರಿ ತೋರಿಸಿ ಹೊಳೆಗೆ ಎಸೆಯುತ್ತಿದ್ದವಳು, ಭಾವ ಸರಿ ಮಾಡಿದ ಮೇಲೆ ಒಂದು ದಿನವೂ ಪಟ್ಟಿಯನ್ನು ನನಗೆ ತೋರಿಸಿರಲಿಲ್ಲ. ಮಡಚಿ ಸೊಂಟದ ಚೀಲಕ್ಕೆ ಸೇರಿಸುತ್ತಿದ್ದಳು. ಕೆಂಪು ವಯರ್ ಜಾಗ ಬದಲಾದದ್ದೂ ದಿನಾ ಅವಳ ಕಣ್ಣೆದುರೇ ಇತ್ತು. ಅಂದರೆ ಗೊತ್ತಿದ್ದೂ ಉಜ್ಜಿದಳೇ? ಜಗಲಿಯಲ್ಲಿ ಕೂತ ಭಾವನಿಗೆ ಬೋಳು ಬೆಂಕಿಪೆಟ್ಟಿಗೆ ಸಿಗಲಿ, ತನಗಾಗಿ ಉಜ್ಜುತ್ತಿದ್ದಾಳೆ ಎಂಬ ಖುಷಿ ಉಳಿಯಲಿ ಎಂದು? ಗೊತ್ತಿದ್ದೂ ಈ ಬೇಸಿಗೆಯಲ್ಲಿ ನನ್ನನ್ನು ಹಾಗೆ ಕೇಳಿದಳೇ?

ಹೊರಗೆ ಬಂದು ರಸ್ತೆಯ ಬದಿಯಲ್ಲಿ ನಿಂತೆ, ಮತ್ತೆ ಒಳಗೆ ಹೋದೆ, ಮತ್ತೆ ಬಂದೆ. ಉತ್ತರ ಗೊತ್ತಿದ್ದವರು ಇಬ್ಬರು, ಇಬ್ಬರೂ ಇಲ್ಲ. ನಾವುಂದದ ಬಸ್ಸು ಬಂದು ನಿಂತಿತು. ಹತ್ತಲು ಒಂದು ಕಾಲು ಎತ್ತಿದ್ದೆ, ಯಾರನ್ನು ಕೇಳಲು ಹೊರಟದ್ದು ಎಂದು ಆಮೇಲೆ ನೆನಪಾಯಿತು.